ಹಳದಿ ಚೀಟಿ ಅಂಟಿಸಿದ ಜಾಗಗಳು

ಒಲೆಯ ಹಿಂದಿನ ಟೈಲ್ಸಿನ ಜಿಡ್ಡನ್ನು ಸವೆದುಹೋದ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತ ನಾನು ಆಗಲೇ ಅರ್ಧ ಗೋಡೆ ಮುಗಿಸಿದ್ದೆ. ಮೊಮ್ಮಗಳು ಕಣ್ಣುಜ್ಜಿಕೊಳ್ಳುತ್ತ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಏನಜ್ಜಿ ಮಾಡ್ತಿದ್ದೀಯ?"

"ಕಾಣಲ್ವಾ, ಉಜ್ತಾ ಇದೀನಿ."

"ಇವತ್ತು ಕ್ಲೀನಿಂಗ್‌ನವರು ಬರ್ತಾರೆ ಅಂತ ಗೊತ್ತು ತಾನೆ?"

"ಗೊತ್ತಿರೋದಕ್ಕೇ ಉಜ್ತಿರೋದು. ಬಂದೋರು ಏನಂದ್ಕೋತಾರೆ?"

ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು. ಬಾಗಿಲ ಚೌಕಟ್ಟಿಗೆ ತಲೆ ಆನಿಸಿಕೊಂಡು, "ನಮ್ಮಲ್ಲಿಗೂ ಹೀಗೇ ಬರ್ತಾರೆ. ವರ್ಷವಿಡೀ ಸರಿಯಾಗಿ ಉಜ್ಜಿರಲ್ಲ, ಡಾಕ್ಟ್ರು ಬಾಯಿ ನೋಡ್ತಾರೆ ಅಂತ ಅವತ್ತು ಬೆಳಗ್ಗೆ ರಕ್ತ ಬರೋ ಹಾಗೆ ಉಜ್ಕೊಂಡು ಬರ್ತಾರೆ" ಎಂದಳು. "ಆ ಬ್ರಷ್ ಕೆಳಗಿಡು. ನೀನು ಈಗ ಮಾಡಬೇಕಾಗಿರೋ ಕೆಲಸ ಬೇರೆ ಇದೆ."

ಆ ಬೇರೆ ಕೆಲಸ ಯಾವುದೆಂದು ನನಗೆ ಗೊತ್ತಿತ್ತು. ನನ್ನ ಅಕ್ಕನಿಗೆ ಉತ್ತರ ಬರೆಯುವುದು.

ಅಕ್ಕ ಇನ್ನೊಂದು ಊರಿನಲ್ಲಿ, ಮಹಡಿಯ ಮೇಲಿನ ಮನೆಯಲ್ಲಿದ್ದಾಳೆ. ಮಂಡಿ ಸೋತಿದೆ, ಇಳಿದರೆ ಹತ್ತಲಾಗದು, ಹತ್ತಿದರೆ ಇಳಿಯಲಾಗದು. ಕಿವಿ ಮೊದಲೇ ಮಂದ, ಫೋನು ಅವಳ ಪಾಲಿಗೆ ಬರೀ ಗುಂಯ್ ಎನ್ನುವ ಡಬ್ಬಿ. ಹಾಗಾಗಿ ಕಾಗದ ಬರೆದಿದ್ದಳು: ನಿನ್ನದು ನೆಲಮಟ್ಟದ ಮನೆ, ಹಿಂದಿನ ಕೋಣೆ ಖಾಲಿ ಇದೆಯಲ್ಲ, ನಾನು ಬಂದು ಇರಲೇ? ಆಗದಿದ್ದರೆ ಆಗದು ಅಂತ ಬರಿ, ಇಲ್ಲಿ ವೃದ್ಧಾಶ್ರಮದಲ್ಲಿ ಒಂದು ಮಂಚ ಖಾಲಿಯಾಗಲಿದೆಯಂತೆ, ಹೆಸರು ಕೊಡುತ್ತೇನೆ.

ಆ ಕಾಗದ ಬಂದಾಗ ಕಿಟಕಿಯಾಚೆಯ ಮರದಲ್ಲಿ ಒಂದೆಲೆಯೂ ಇರಲಿಲ್ಲ. ಈಗ ಅದೇ ಮರ ಕೋಣೆಗೆ ಬೆಳಕೇ ಬಿಡುತ್ತಿಲ್ಲ.

ಅಕ್ಕ ಬರುವುದು ನನಗೆ ಬೇಡವಾಗಿತ್ತೆಂದಲ್ಲ. ಆದರೆ ಅವಳು ಯಾರ ಮನೆಗೆ ಹೋದರೂ ಕಪಾಟಿನ ಮೇಲೆ ಬೆರಳೆಳೆದು, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡುವವಳು. ಬೈದರೆ ನಾನೂ ಎರಡು ಮಾತು ತಿರುಗಿ ಆಡಬಹುದು. ಅವಳು ಬೈಯುವುದಿಲ್ಲ. ಕರವಸ್ತ್ರ ತೆಗೆದು ಬೆರಳು ಒರೆಸಿಕೊಳ್ಳುತ್ತಾಳೆ, ಅಷ್ಟೇ. ಹಾಗಾಗಿ ಮನೆ ಒಂದು ಹದಕ್ಕೆ ಬರಲಿ, ಆಮೇಲೆ ಬರೆಯೋಣ ಎಂದುಕೊಂಡೆ. ಮನೆ ಯಾವ ಹದಕ್ಕೂ ಬರಲಿಲ್ಲ. ಮೊಮ್ಮಗಳು ನೋಡುವಷ್ಟು ನೋಡಿ, ಕೊನೆಗೆ ಇಡೀ ಮನೆ ತೊಳೆದು ಕೊಡುವವರನ್ನು ಗೊತ್ತುಮಾಡಿದಳು. "ಇವತ್ತು ಮನೆ ಕ್ಲೀನ್ ಆಗುತ್ತೆ. ನಾಳೆಯಿಂದ ಯಾವ ನೆಪ ಹೇಳ್ತೀಯ, ನಾನೂ ನೋಡ್ತೀನಿ" ಎಂದಿದ್ದಳು.

ಬಂದವರು ಇಬ್ಬರು. ಮುಂದಾಳು ಒಬ್ಬ ಗಟ್ಟಿಮುಟ್ಟಾದ ಹೆಂಗಸು, ತೋಳು ಮಡಚಿಕೊಂಡೇ ಒಳಗೆ ಬಂದಳು. ಜೊತೆಗಿದ್ದವನು ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಉದ್ದ. ಅವಳು ಅವನನ್ನು 'ಏಣಿ' ಎಂದೇ ಕರೆಯುತ್ತಿದ್ದಳು. ನಿಜವಾದ ಏಣಿಯೊಂದನ್ನೂ ತಂದಿದ್ದರು. ಏಣಿ ಬರ್ಲಿ ಅಂದರೆ ಅವನು ಬರಬೇಕೋ, ಅವನು ಅದನ್ನು ತರಬೇಕೋ ಎಂದು ನನಗೆ ಅನುಮಾನವಾಗುತ್ತಿತ್ತು. ಅವರಿಗೆ ಆಗುತ್ತಿರಲಿಲ್ಲ.

ಮುಂದಾಳು ನನ್ನ ಕೈಗೆ ಹಳದಿ ಅಂಟುಚೀಟಿಗಳ ಒಂದು ಕಟ್ಟು ಕೊಟ್ಟಳು. "ಅಜ್ಜಿ, ನಾವು ಮುಟ್ಟಬಾರದ್ದು ಏನಾದ್ರೂ ಇದ್ರೆ ಅದರ ಮೇಲೆ ಇದನ್ನ ಅಂಟಿಸ್ಬಿಡಿ. ಚೀಟಿ ಇರೋದನ್ನ ನಾವು ಸರಿಸಲ್ಲ, ತೆಗೆಯಲ್ಲ, ತೊಳೆಯಲ್ಲ. ಒಂದು ಮನೇಲಿ ಸತ್ತ ಗಂಡನ ಕನ್ನಡಕ ಒರೆಸಿಬಿಟ್ಟು, ಆಯಮ್ಮ ಅತ್ತು ರಂಪ ಆಗೋಯ್ತು. ಅವತ್ತಿಂದ ಈ ಪದ್ಧತಿ."

ಬಹಳ ಒಳ್ಳೆಯ ಪದ್ಧತಿ ಎಂದುಕೊಂಡೆ. ಅವರು ಹೊರಗೆ ಗಾಡಿಯಿಂದ ಯಂತ್ರ, ಬಕೆಟ್ಟು, ಕೊಳವೆಗಳನ್ನು ಇಳಿಸುತ್ತಿದ್ದಾಗ ನಾನು ಮನೆಯೆಲ್ಲ ಓಡಾಡಿ ಚೀಟಿ ಅಂಟಿಸಿದೆ. ಮೊಮ್ಮಗಳು ಸ್ನಾನಕ್ಕೆ ಹೋಗಿದ್ದಳು, ಕೇಳುವವರಿರಲಿಲ್ಲ.

ಮುಂದಾಳು ಒಳಗೆ ಬಂದು, ಕೆಲಸಕ್ಕೆ ಮುಂಚಿನ ಸ್ಥಿತಿ ಗೊತ್ತಿರಲಿ ಎಂದು ಕೋಣೆಕೋಣೆಯ ಫೋಟೋ ತೆಗೆಯತೊಡಗಿದಳು. ಅಡುಗೆಮನೆಗೆ ಹೋದವಳು ಅಲ್ಲೇ ನಿಂತಳು.

"ಅಜ್ಜಿ, ಈ ಫ್ರಿಜ್ ಸರಿಸಬಾರದಾ?"

"ಬೇಡಮ್ಮ. ಅದು ಅಲ್ಲೇ ಇರ್ಲಿ."

"ಸಿಂಕ್ ಕೆಳಗಿನ ಬಾಗಿಲು?"

"ಅದೂ ಬೇಡ."

"ಅಟ್ಟ? ಮಂಚದ ಅಡಿ? ಬಚ್ಚಲುಮನೆ ಮೂಲೆ? ಹಿಂದಿನ ಕೋಣೆಗಂತೂ ಬಾಗಿಲಿಗೇ ಅಂಟಿಸಿದ್ದೀರಿ."

"ಹೂಂ."

ಅವಳು ಒಲೆಯ ಹಿಂದಿನ ಟೈಲ್ಸಿನ ಮೇಲೆ ಅಂಗೈ ಆಡಿಸಿದಳು. ಅದು ಫಳಫಳ ಹೊಳೆಯುತ್ತಿತ್ತು. "ಇದಕ್ಕೆ ಚೀಟಿ ಇಲ್ಲ. ಲೋ ಏಣಿ, ಬಾರೋ ಇಲ್ಲಿ. ನಾನು ಇಷ್ಟು ವರ್ಷ ಈ ಕೆಲಸ ಮಾಡಿದೀನಿ, ಇಂಥ ಮನೆ ನೋಡಿಲ್ಲ. ಕೊಳೆ ಇರೋ ಕಡೆ ಮುಟ್ಟಬೇಡಿ, ಕ್ಲೀನಾಗಿರೋದನ್ನ ಮಾತ್ರ ಕ್ಲೀನ್ ಮಾಡಿ ಅಂತಿದಾರೆ ಅಜ್ಜಿ."

ಏಣಿ ಗಂಭೀರವಾಗಿ, "ಹಾಗಾದ್ರೆ ನಾವು ಇನ್ನು ಹೊರಡಬಹುದಾ ಅಕ್ಕಾ?" ಎಂದು ಕೇಳಿದ.

ನಾನು ನಾಲಿಗೆ ಕಚ್ಚಿಕೊಂಡೆ. ತಲೆಗೆ ಟವೆಲ್ ಸುತ್ತಿಕೊಂಡು ಹೊರಬಂದ ಮೊಮ್ಮಗಳು ನಡೆದದ್ದನ್ನೆಲ್ಲ ಕೇಳಿ, ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡಳು. ಆಮೇಲೆ ಚೀಟಿಗಳನ್ನು ಒಂದೊಂದಾಗಿ ಕಿತ್ತಳು. ಹಿಂದಿನ ಕೋಣೆಯ ಬಾಗಿಲ ಮುಂದೆ ಮಾತ್ರ ನಿಂತು ನನ್ನ ಮುಖ ನೋಡಿದಳು.

"ಇದನ್ನ ನೀನೇ ತೆಗಿ ಅಜ್ಜಿ."

ತೆಗೆದೆ. ಬಾಗಿಲಿನ ಬಣ್ಣವೂ ಒಂಚೂರು ಕಿತ್ತುಬಂತು.

ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ. ಸೂರಿನಿಂದ ಶುರುಮಾಡಿ ಕೆಳಕ್ಕೆ ಬಂದರು. ಮೊದಲು ಒಣಧೂಳು, ಆಮೇಲೆ ನೀರು. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಚೀಲ ತೊಡಿಸಿ ಎಳೆದರೆ ಧೂಳೆಲ್ಲ ಚೀಲದೊಳಗೇ. ಸೋಫಾದ ಸಂದಿಗೆ ಧೂಳು ಹೀರುವ ಯಂತ್ರದ ಮೂತಿ ಇಟ್ಟರೆ ಒಂದು ಬಾಚಣಿಗೆ, ನನ್ನ ಕಳೆದುಹೋದ ಕಿವಿಯೋಲೆ, ಮತ್ತು ಮೊಮ್ಮಗಳು ಚಿಕ್ಕವಳಿದ್ದಾಗ ತಿನ್ನಲಾರದೆ ಬಚ್ಚಿಟ್ಟ ಮಾತ್ರೆಗಳು ಸಾಲಾಗಿ ಹೊರಬಂದವು. "ನುಂಗಿದೆ ಅಂತ ಬಾಯಿ ತೆರೆದು ತೋರಿಸ್ತಿದ್ದೆಯಲ್ಲೇ ಕಳ್ಳಿ" ಎಂದೆ. ಈಗ ನಗುವ ಸರದಿ ನನ್ನದು. ಫ್ರಿಜ್ಜಿನ ಹಿಂದೆ ಏನಿತ್ತೆಂದು ಹೇಳಲು ಮನಸ್ಸಿಲ್ಲ. ಏಣಿ ಅದನ್ನು ನೋಡಿ ಇನ್ನೊಂದು ಜೊತೆ ಕೈಗವಸು ತೊಟ್ಟುಕೊಂಡ.

ಹಿಂದಿನ ಕೋಣೆಯನ್ನು ಮುಂದಾಳು ತಾನೇ ಹಿಡಿದಳು. ನಾನು ಬಾಗಿಲಲ್ಲಿ ನಿಂತೆ. ಕಿಟಕಿಯ ಸರಳುಗಳನ್ನು ಒಂದೊಂದಾಗಿ ಬಟ್ಟೆ ಸುತ್ತಿ ಎಳೆದಳು. ಗೋಡೆಯ ತೇವದ ಕಲೆಯನ್ನು ಉಜ್ಜಿ ನೋಡಿ, "ಇದು ಹೋಗಲ್ಲ ಅಜ್ಜಿ. ಗೋಡೆ ಒಳಗಿಂದ ಬಂದಿರೋದು. ಹೋಗುತ್ತೆ ಅಂತ ಸುಳ್ಳು ಹೇಳಿ ಸುಣ್ಣ ಬಳಿಯಲ್ಲ ನಾನು" ಎಂದಳು.

"ಬಾಕಿದೆಲ್ಲ?"

"ಬಾಕಿದೆಲ್ಲ ಹೊಸದರ ಹಾಗೆ."

"ಎಷ್ಟು ದಿನ ಹೀಗೇ ಇರುತ್ತೆ?"

ಅವಳು ಬಟ್ಟೆ ಹಿಂಡುತ್ತಲೇ ಹೇಳಿದಳು, "ಯಾರೂ ವಾಸ ಮಾಡದೆ ಇದ್ರೆ ತುಂಬಾ ದಿನ ಇರುತ್ತೆ."

"ನಾವಿದೀವಲ್ಲ?"

"ನೀವಿದ್ರೆ ಸಂಜೆ ಚಹಾ ಮಾಡೋ ತನಕ." ಆಮೇಲೆ ಏನೋ ಹೊಳೆದಂತೆ ನನ್ನ ಕಡೆ ತಿರುಗಿ, "ಈ ಕೋಣೆಗೆ ಯಾರಾದ್ರೂ ಬರೋರಿದಾರಾ?" ಎಂದು ಕೇಳಿದಳು.

"ನನ್ನ ಅಕ್ಕ."

"ಯಾವಾಗ?"

ನಾನು ಬಾಗಿಲಲ್ಲಿ ಬಣ್ಣ ಕಿತ್ತುಬಂದ ಜಾಗವನ್ನು ಉಗುರಿನಿಂದ ಕೆರೆದೆ. ಅವಳು ಒತ್ತಾಯ ಮಾಡಲಿಲ್ಲ. "ಬೇಗ ಬರೋಕೆ ಹೇಳಿ. ಮುಚ್ಚಿಟ್ಟ ಕೋಣೆಗೇ ಜಾಸ್ತಿ ಧೂಳು ಕೂರೋದು" ಎಂದು ಬಕೆಟ್ ಎತ್ತಿಕೊಂಡಳು.

ಕೊನೆಗೆ ನೆಲ. ನೆಲ ತೊಳೆದ ಮೇಲೆ ಒಣಗುವ ತನಕ ಮನೆಯವರು ಯಾರೂ ಒಳಗಿರಬಾರದಂತೆ. ನನ್ನ ಮನೆಯಿಂದ ನನ್ನನ್ನೇ ಹೊರಗೆ ಹಾಕಿದರು. ಮೊಮ್ಮಗಳು ಎರಡು ಕುರ್ಚಿಗಳನ್ನು ಬಾಗಿಲಾಚೆ ಹಾಕಿದಳು. ಕೂತುಕೊಂಡೆ. ಬ್ರಷ್ಷಿಲ್ಲ, ಒಲೆಯಿಲ್ಲ, ಮಡಚಲು ಬಟ್ಟೆಯಿಲ್ಲ. ಕೈಗಳೆರಡೂ ತೊಡೆಯ ಮೇಲೆ ಪೆಚ್ಚಾಗಿ ಬಿದ್ದಿದ್ದವು.

ಮೊಮ್ಮಗಳು ತನ್ನ ಚೀಲದಿಂದ ಹಾಳೆ, ಪೆನ್ನು, ಅಂಚೆಚೀಟಿ ಮೊದಲೇ ಅಂಟಿಸಿದ್ದ ಲಕೋಟೆ ತೆಗೆದು ನನ್ನ ಮಡಿಲಿಗೆ ಹಾಕಿದಳು.

"ಎಲ್ಲಾ ಯೋಚಿಸಿಟ್ಕೊಂಡೇ ಬಂದಿದ್ದೀಯ."

"ನಿನ್ನ ಮೊಮ್ಮಗಳಲ್ವಾ."

ರಾತ್ರಿಶಾಲೆಯಲ್ಲಿ ಕಲಿತ ಅಕ್ಷರ ನನ್ನದು, ನಿಧಾನ. ಎಷ್ಟೋ ತಿಂಗಳಿಂದ ತಲೆಯೊಳಗೆ ಬರೆದುಕೊಂಡಿದ್ದ ದೊಡ್ಡ ದೊಡ್ಡ ಮಾತುಗಳಲ್ಲಿ ಒಂದೂ ಪೆನ್ನಿಗೆ ಇಳಿಯಲಿಲ್ಲ. ಇಳಿದದ್ದು ಇಷ್ಟು:

"ಅಕ್ಕಾ, ವೃದ್ಧಾಶ್ರಮಕ್ಕೆ ಹೆಸರು ಕೊಡಬೇಡ. ಕೊಟ್ಟಿದ್ದರೆ ವಾಪಸ್ ತೆಗೆಸು. ಕೋಣೆ ತೊಳೆಸಿದ್ದೇನೆ, ನೀನು ಬರುವಷ್ಟರಲ್ಲಿ ಮತ್ತೆ ಧೂಳು ಕೂತಿರುತ್ತದೆ. ಗೋಡೆಯಲ್ಲಿ ಒಂದು ಕಲೆ ಇದೆ, ಅದು ಹೋಗುವುದಿಲ್ಲ. ನಾನು ನಿನಗೆ ಹೆದರಿಕೊಂಡು ಬರೆಯದೆ ಕೂತಿದ್ದೆ. ಬಂದ ಮೇಲೆ ಜಗಳವಾಡು, ಸುಮ್ಮನಿರಬೇಡ. ಬಾ."

ಮೊಮ್ಮಗಳು ಓದಬೇಕೆಂದು ಕೈ ಚಾಚಿದಳು. ಕೊಡಲಿಲ್ಲ. ಲಕೋಟೆ ಅಂಟಿಸಿ, ವಿಳಾಸ ಬರೆದು, ಮನೆಯೊಳಗಿನ ಚಪ್ಪಲಿಯಲ್ಲೇ ಬೀದಿಯ ತುದಿಗೆ ನಡೆದೆ. ಅಂಚೆಯವನು ಆಗಲೇ ಡಬ್ಬಿಯ ಬೀಗ ತೆಗೆದು ಕಾಗದಗಳನ್ನು ಚೀಲಕ್ಕೆ ಸುರಿಯುತ್ತಿದ್ದ. ನನ್ನ ಲಕೋಟೆಯನ್ನು ಕೈಯಿಂದಲೇ ಇಸಿದುಕೊಂಡು ಒಳಗೆ ಹಾಕಿದ.

"ಒಂದ್ನಿಮಿಷ ಕೊಡಪ್ಪ. 'ಜಗಳವಾಡು' ಅಂತ ಬರೆದುಬಿಟ್ಟಿದೀನಿ. ಅದೊಂದು ಮಾತು ಹೊಡೆದು ಹಾಕ್ತೀನಿ."

"ಚೀಲಕ್ಕೆ ಬಿದ್ದ ಮೇಲೆ ವಾಪಸ್ ಇಲ್ಲ ಅಜ್ಜಿ" ಎಂದು ಅವನು ಚೀಲದ ಬಾಯಿ ಕಟ್ಟಿ, ಸೈಕಲ್ಲಿಗೆ ನೇತುಹಾಕಿ, ನಾನು ಇನ್ನೊಂದು ಮಾತು ಹುಡುಕುವಷ್ಟರಲ್ಲಿ ಬೀದಿ ತಿರುಗಿಬಿಟ್ಟ.