ಹಿರ್ಯಾರ ಸೋಡಿ

ಬೆಲ್ಲದ ಬಾಗೇವಾಡಿಯ ಬಾಜಾರದಾಗ ರಾವಸಾಹೇಬ ಬರೋದು ಕಂಡ್ರ ಸಾಕು, ಅಂಗಡಿಯವರು ಎಲ್ಲಾ ದರ ಒಂದೊಂದು ರೂಪಾಯಿ ಏರಿಸಿ ಹೇಳ್ತಿದ್ರು. ಯಾಕಂದ್ರ ಆ ಮನುಷ್ಯ ಹೇಳಿದ ದರದಾಗ ಸೋಡಿ ಬಿಡದಿದ್ರ ಉಪ್ಪು ಸುದ್ದಾ ತಗೊಳ್ಳಾವಲ್ಲ. ಬಡವ ಅಂತ ತಿಳಿಬ್ಯಾಡ್ರಿ ಮತ್ತ. ಹನ್ನೆರಡು ಎಕರೆ ಕಬ್ಬು, ಸಂಕೇಶ್ವರದ ಸಕ್ಕರಿ ಕಾರಖಾನಿ ಶೇರು, ಮಾಳಗಿ ಮನಿ, ಎಲ್ಲಾ ಇತ್ತು. ಆದ್ರೂ ದರದಾಗ ಚೂರು ಕಡಿಮಿ ಆಗಲಿಲ್ಲಂದ್ರ ಆವತ್ತು ಉಂಡದ್ದು ಮೈಗೆ ಹತ್ತತಿರಲಿಲ್ಲ.

ಅವನ ತಮ್ಮ ಭೂಪಾಲ ಮಾತು ಕಡಿಮಿ. ಹೆಂಡ್ತಿ ತೀರಿಕೊಂಡು ನಾಕು ವರ್ಷ ಆಗಿತ್ತು, ಅಣ್ಣನ ಮನಿಯಾಗ, ಅಣ್ಣನ ಜೋಡಿನ ಇದ್ದ. ಅಣ್ಣ ಊಟದ ಮಣಿ ಮ್ಯಾಲೆ ಕೂತು ಮೊದಲ ತುತ್ತು ಬಾಯಿಗೆ ಇಟ್ಟ ಮ್ಯಾಲೆನ ಇಂವ ತಾಟಿಗೆ ಕೈ ಹಾಕಾವ. ಬಸ್ತಿಯೊಳಗ ಸ್ವಾಮಿಗೆ ಅಭಿಷೇಕ ಅಂದ್ರ ಮೊದಲ ಕಲಶ ಅಣ್ಣಂದು, ಎರಡನೇದು ಇವಂದು. ದೀಪಾವಳಿ ಪಾಡ್ಯಾಕ್ಕ ಅಣ್ಣನ ಕಾಲಿಗೆ ಬಿದ್ದು ಎದ್ದು ಆಮ್ಯಾಲೆನ ಹೊಸಾ ಅಂಗಿ ಹಾಕ್ಕೋತಿದ್ದ. ಊರಾಗ ತಾಯಂದಿರು ತಮ್ಮ ಮಕ್ಕಳಿಗೆ ಬಯ್ಯಬೇಕಾದ್ರ, 'ಭೂಪಾಲಣ್ಣನ್ನ ನೋಡಿ ಕಲೀರೋ' ಅಂತಿದ್ರು.

ಖರೆ ಹೇಳಬೇಕಂದ್ರ ಇಬ್ಬರೊಳಗ ಹಿರ್ಯಾ ಭೂಪಾಲ. ಒಂಬತ್ತು ತಿಂಗಳಿಗೆ ಹಿರ್ಯಾ. ಇದು ಈಗ ಭೂಪಾಲ ಒಬ್ಬಗ ಗೊತ್ತಿತ್ತು.

ಅದು ಹೆಂಗಂದ್ರ, ಅವರಪ್ಪಗ ಇಬ್ಬರು ಹೆಂಡ್ರು, ಅಕ್ಕ-ತಂಗಿ. ಹಿರೇವ್ವಗ ಎಂಟು ವರ್ಷ ಮಕ್ಕಳಾಗಲಿಲ್ಲ. ಊರ ಮಂದಿ ಬಂಜಿ ಬಂಜಿ ಅಂತ ಆಕೀ ಜೀವಾ ತಿಂದ್ರು. ಕಡೀಕ ಆಕಿನ ತನ್ನ ತಂಗೀನ್ನ ಕರಕೊಂಡು ಬಂದು ಗಂಡಗ ಲಗ್ನಾ ಮಾಡಿಸಿದ್ಲು. ತಂಗಿ ಭೂಪಾಲನ್ನ ಹಡದ್ಲು. ಏನ್ ಹೇಳೂಣ್ರಿ, ಆಮ್ಯಾಲೆ ಒಂಬತ್ತು ತಿಂಗಳಿಗೆ ಅಕ್ಕನೂ ಗಂಡಸಮಗನ್ನ, ಈ ರಾವಸಾಹೇಬನ್ನ, ಹಡದ್ಲು! ತೊಟ್ಟಲಾಗ ಹಾಕೋ ದಿನ ಸಣ್ಣವ್ವ ತನ್ನ ಮಗನ ನಡದಾಗಿನ ಬೆಳ್ಳಿ ಉಡದಾರ ಬಿಚ್ಚಿ ಅಕ್ಕನ ಕೂಸಿಗೆ ಕಟ್ಟಿ, 'ಅಕ್ಕಾ, ಈ ಮನಿಗೆ ನಿನ್ನ ಮಗನ ಹಿರ್ಯಾ. ನನ್ನ ಮಗ ಅವನ ಬೆನ್ನಾಗ ಬಂದಾಂವ' ಅಂದ್ಲಂತ. ಅಲ್ಲಿದ್ದ ಹಿರ್ಯಾರೆಲ್ಲಾ ಹೌದಂದ್ರು. ಆ ಹಿರ್ಯಾರು ಒಬ್ಬೊಬ್ಬರ ಸತ್ತು ಹೋದ್ರು, ಮಾತು ಮಾತ್ರ ಉಳೀತು. ಸಣ್ಣವ್ವ ಸಾಯೋ ಮುಂದ ಭೂಪಾಲಗ ಇದನ್ನ ಹೇಳಿ, 'ಅಂವಗ ಎಂದೂ ಗೊತ್ತಾಗಬಾರದಪ್ಪಾ' ಅಂತ ಕೈಮ್ಯಾಲೆ ಕೈ ಹಾಕಿಸಿಕೊಂಡಿದ್ಲು. ಅದಕ್ಕ ಮೂವತ್ತೇಳು ವರ್ಷ ಆಗಿತ್ತು.

ತೊಂಬತ್ತೊಂಬತ್ತನೇ ಇಸವಿ ಸಂಕ್ರಮಣ ಆಗಿ ವಾರಕ್ಕ ಸಂಕೇಶ್ವರದ ರಾಜಪ್ಪ ಮಾಸ್ತರ ಮನಿಗೆ ಬಂದ್ರು. ರಿಟಾಯರ್ ಆದ ಮ್ಯಾಲೆ ಮಾಸ್ತರರು ವರ್ಷಕ್ಕೊಮ್ಮೆ ನಲವತ್ತು ಮಂದಿ ಕಟ್ಟಿಕೊಂಡು ಜೈನರ ದೊಡ್ಡ ಕ್ಷೇತ್ರ ಶಿಖರಜಿ ಗುಡ್ಡದ ಯಾತ್ರಾ ಮಾಡಸ್ತಿದ್ರು. ಮಿರಜದಿಂದ ರೇಲ್ವೆ, ಮುಂದ ಕಲ್ಯಾಣದಾಗ ಗಾಡಿ ಬದಲಿ ಮಾಡಿ ಆ ಗುಡ್ಡದ ಹತ್ತಿರದ ಪಾರಸನಾಥ ಟೇಸನ್ ತನಕಾ. ರಾವಸಾಹೇಬ, ಅವನ ಹೆಂಡ್ತಿ ಜಿನ್ನವ್ವ, ಭೂಪಾಲ, ಮೂರೂ ಮಂದಿ ಹೆಸರು ಬರಿಸಿದ್ರು.

"ಒಂದು ಛಲೋ ಸುದ್ದಿ ಐತಿ," ಅಂದ್ರು ಮಾಸ್ತರ. "ವಯಸ್ಸಾದವರಿಗೆ ರೇಲ್ವೆದಾಗ ನೂರಕ್ಕ ಮೂವತ್ತು ಸೋಡಿ. ಹೆಣ್ಣಮಕ್ಕಳಿಗೆ ಅರವತ್ತು ತುಂಬಿರಬೇಕು, ಗಂಡಸರಿಗೆ ಅರವತ್ತೈದು."

ರಾವಸಾಹೇಬ ಕೂತಲ್ಲೆ ಅರಳಿಬಿಟ್ಟ. "ಹಾಂ! ಈ ಬೋಳು ತಲಿಗೆ ಸರ್ಕಾರ ಕಡೀಕೂ ಕಿಮ್ಮತ್ತು ಕಟ್ಟಿತು ನೋಡ್ರಿ."

"ಇದೇನ್ ಬಿಡ್ರಿ. ಪರದೇಶದಾಗ ಕೆಲವು ಕಡೆ ಮುದುಕರಿಗೆ ಪೂರಾ ಪುಕ್ಕಟೆ ಅಂತ."

"ಪುಕ್ಕಟೆ? ಟಿಕೀಟನ ಇಲ್ಲಾ?" ರಾವಸಾಹೇಬಗ ನಂಬಿಕಿ ಬರಲಿಲ್ಲ. "ನಾವು ಅಲ್ಲಿ ಹೋಗಿ ಮುದುಕರಾಗಬೇಕಿತ್ತಲ್ಲೋ ಭೂಪಾಲಾ!"

ಮಾಸ್ತರರು ವಯಸ್ಸಿನ ಪುರಾವೆ ಕೇಳಿದ್ರು. ಜಿನ್ನವ್ವಂದು ಮತದಾರರ ಕಾರ್ಡು ಸರಿ ಇತ್ತು. ಅಣ್ಣ-ತಮ್ಮಂದು ಎರಡೂ ಕೆಟ್ಟಿದ್ವು. ಕಾರ್ಡಿನಾಗ ರಾವಸಾಹೇಬಗ ನಲವತ್ತಾರು, ಭೂಪಾಲಗ ನಲವತ್ತೈದು ಅಂತ ಬಿದ್ದಿತ್ತು. ಹಂಗಾದ್ರ ಸಾಲಿ ದಾಖಲೆ ತರ್ರಿ, ಅದರಾಗ ಹುಟ್ಟಿದ ತಾರೀಖು ಇರತೈತಿ, ಅಂದ್ರು ಮಾಸ್ತರ.

ಭೂಪಾಲಗ ಸಾಲಿಗೆ ಹೋದ ಮೊದಲ ದಿನ ನೆನಪಾತು. ಇಬ್ಬರನ್ನೂ ಒಂದ ದಿನ ಅಪ್ಪ ಸಾಲಿಗೆ ಹಚ್ಚಿದ್ದ. ಅಪ್ಪ ಸುಳ್ಳು ಹೇಳೋ ಮನುಷ್ಯಾನ ಅಲ್ಲ. ದಾಖಲೆದಾಗ ಏನಿರತೈತಿ ಅಂತ ಭೂಪಾಲಗ ಕಣ್ಣ ಮುಂದ ಕಂಡಂಗಾತು.

"ನನಗ ಪೂರಾ ಟಿಕೀಟ ತಗೀರಿ ಮಾಸ್ತರ," ಅಂದ. "ಸೋಡಿ ಬ್ಯಾಡ."

"ಏನಂದಿ?" ರಾವಸಾಹೇಬನ ದನಿ ಓಣಿ ತುದಿಗೆ ಕೇಳಸ್ತು. "ಸೋಡಿ ಬ್ಯಾಡಾ? ತಲಿ ಗಿಲಿ ಕೆಟ್ಟೈತೇನು ನಿನಗ? ನನಗ ಅರವತ್ತಾರು ಅಂದ್ರ ನಿನಗ ಅರವತ್ತೈದು ತುಂಬಿರಬೇಕಲ್ಲೋ?"

"ತುಂಬಿದ್ವೋ ಇಲ್ಲೋ ಯಾರಿಗೆ ಗೊತ್ತಣ್ಣಾ. ಸಾಲಿಯಾಗ ಅಷ್ಟು ಹಳೇ ಕಾಗದ ಇರಾಂಗಿಲ್ಲ. ನೀವು ಅಡ್ಡಾಡಿ ದಣೀಬ್ಯಾಡ್ರಿ."

"ಕೊಡೋ ಸೋಡಿ ಬಿಡಾವ ಹುಚ್ಚ. ನಾಳೆ ನಾನ ಹೋಗಿ ಇಬ್ಬರದೂ ತರ್ತೇನಿ."

ಭೂಪಾಲ ಲೆಕ್ಕಾ ಹಾಕಿದ. ಸಾಲಿ ತಗಿಯೋದು ಹತ್ತೂವರಿಗೆ. ಅಣ್ಣ ಪೂಜಿ, ನಾಷ್ಟಾ ಮುಗಿಸಿ ಹೊರಡೋದ್ರಾಗ ತಾನು ಹೋಗಿ ಹೆಡ್ ಮಾಸ್ತರರ ಕೈಕಾಲು ಹಿಡಿದು 'ಕಾಗದ ಇಲಿ ತಿಂದಾವ' ಅಂತ ಹೇಳಿಸಬೇಕು. ಮರುದಿನ ಹತ್ತಕ್ಕ ಗುಡುಗುಡು ಸಾಲಿಗೆ ಓಡಿದ. ಸೋಡಿ ಆಶಾದವನ ಮುಂದ ಇವನ ಲೆಕ್ಕಾ ಎಲ್ಲಿ ನಡೀಬೇಕ್ರಿ? ಎಂಟಕ್ಕ ಹೆಡ್ ಮಾಸ್ತರರ ಮನಿಗೇ ಹೋಗಿ, ಅವರನ್ನ ಚಹಾ ಸುದ್ದಾ ಕುಡೀಗೊಡದ ಎಬ್ಬಿಸಿಕೊಂಡು ಬಂದು, ರಾವಸಾಹೇಬ ಕೆಲಸ ಮುಗಿಸಿ ಸಾಲಿ ಕಟ್ಟಿ ಮ್ಯಾಲೆ ಕೂತಿದ್ದ. ತೊಡಿ ಮ್ಯಾಲೆ ಎರಡು ಕಾಗದ. ತಮ್ಮನ್ನ ನೋಡಿದ, ಕಾಗದ ಮಡಚಿ ಕಿಸೆಯಾಗ ಇಟ್ಟ. ಕೋಲು ಊರಿಕೊಂಡು ಎದ್ದು ಹೊಲದ ಕಡೆ ನಡದ.

ಆವತ್ತು ಅಂವ ಮನಿಯಾಗ ಉಣ್ಣಲಿಲ್ಲ. ಮರುದಿನ ಭೂಪಾಲ ತಾನ ಹೊಲಕ್ಕ ಹೋದ. ಅಣ್ಣ ಕಬ್ಬಿನ ಬದುವಿನ ಮ್ಯಾಲೆ ಕೂತಿದ್ದ.

"ಅಣ್ಣಾ..."

"ಅಣ್ಣಾ ಅನಬ್ಯಾಡ ನನಗ!" ರಾವಸಾಹೇಬ ಕೋಲು ನೆಲಕ್ಕ ಕುಟ್ಟಿದ. "ನಿಂದು ಮೂವತ್ಮೂರನೇ ಇಸವಿ ಅಕ್ಟೋಬರ್. ನಂದು ಮೂವತ್ನಾಕನೇ ಇಸವಿ ಜುಲೈ. ಸಾಲಿ ಪುಸ್ತಕದಾಗ ಮ್ಯಾಲೊಂದು ಕೆಳಗೊಂದು ಬರದಾರ. ನಿನಗ ಗೊತ್ತಿತ್ತು. ಅದಕ್ಕ ಸೋಡಿ ಬ್ಯಾಡಂದಿ. ಎಷ್ಟು ವರ್ಷದಿಂದ ಗೊತ್ತೈತಿ?"

"ಅವ್ವ ಸತ್ತಾಗಿಂದ."

"ಮೂವತ್ತೇಳು ವರ್ಷ! ಮೂವತ್ತೇಳು ಪಾಡ್ಯಾ ನನ್ನ ಕಾಲಿಗೆ ಬಿದ್ದೀ. ಬೀಳುವಾಗ ಒಳಗೊಳಗ ನಗತಿದ್ದೇನು?"

ಭೂಪಾಲ ಬದುವಿನ ಮ್ಯಾಲೆ ಕೂತ. ಉಡದಾರದ ಸುದ್ದಿ ಹೇಳಿದ, ತಾಯಿಗೆ ಕೊಟ್ಟ ಮಾತು ಹೇಳಿದ. "ಒಂದ ದಿನಾನೂ ನಕ್ಕಿಲ್ಲಣ್ಣಾ. ಸ್ವಾಮಿ ಆಣಿ."

ರಾವಸಾಹೇಬ ಒಂದು ಕಬ್ಬಿನ ಗರಿ ಹರದು ಚೂರು ಚೂರು ಮಾಡಿದ. ಆಮ್ಯಾಲೆ ಅಂದ: "ಹಂಗಾದ್ರ ನನ್ನ ಹಿರೇತನ ನಿಮ್ಮವ್ವ ನೀಡಿದ ಭಿಕ್ಷೆ. ಬಾಜಾರದಾಗ ಸೋಡಿ ಕೇಳಿದ್ರ ಅದು ವ್ಯಾಪಾರ. ಇದು ನಾ ಕೇಳಲಾರದ ನೀವು ಹಾಕಿದ್ದು. ಊರ ಮುಂದ ನಾ ಮೊದಲ ಕಲಶ ಎತ್ತುವಾಗ ನಿನಗ ಅಯ್ಯೋ ಪಾಪ ಅನಿಸ್ತಿತ್ತು, ಹೌದಿಲ್ಲೋ?"

ಭೂಪಾಲ ಅಲ್ಲಾ ಅನ್ನಾಕ ಬಾಯಿ ತಗದ, ಅಳು ಬಂತು. ಅರವತ್ತೈದರ ಮುದುಕ ಬದುವಿನ ಮ್ಯಾಲೆ ಕೂತು ಸಣ್ಣ ಹುಡುಗರಂಗ ಅತ್ತ. ರಾವಸಾಹೇಬ ತಿರುಗಿ ಸುದ್ದಾ ನೋಡಲಿಲ್ಲ.

ಮುಂದ ಐದು ವಾರ ಆ ಮನಿಯಾಗ ಬರೇ ಜಿನ್ನವ್ವನ ದನಿ. ರಾವಸಾಹೇಬ ಬುತ್ತಿ ಕಟ್ಟಿಸಿಕೊಂಡು ಹೊಲಕ್ಕ ಹೋಗಿ ಉಣ್ಣತಿದ್ದ, ತಮ್ಮನ ಜೋಡಿ ಪಂಕ್ತಿಗೆ ಕೂಡ್ರತಿರಲಿಲ್ಲ. ಅಣ್ಣ ಉಂಡದ್ದು ಕಣ್ಣಿಲೆ ಕಾಣದ ಭೂಪಾಲಗ ತುತ್ತು ಇಳೀತಿರಲಿಲ್ಲ. ಎರಡು ರೊಟ್ಟಿ ಉಣ್ಣಾವ ಅರ್ಧಕ್ಕ ಬಂದ, ಅಂಗಿ ಜೋಲಾಡಾಕತ್ವು. ಮಾತು ಉಳಿಸ್ಕೊಳ್ಳಾಕ ಹೋಗಿ ಅಣ್ಣನ್ನ ಕಳಕೊಂಡ್ನಲ್ಲಾ ಅಂತ ಒಳಗೊಳಗ ಬೇಯ್ತಿದ್ದ. ಅಣ್ಣ ಯಾತ್ರಾಕ್ಕ ಬರಾಂಗಿಲ್ಲ, ಇನ್ನ ಈ ಜನ್ಮದಾಗ ಇಬ್ಬರೂ ಕೂಡಿ ಶಿಖರಜಿ ಏರೋದು ಮುಗೀತು ಅಂತ ಗಟ್ಟಿ ಮಾಡಿಕೊಂಡಿದ್ದ.

ಆದ್ರ ರಾವಸಾಹೇಬ ಬಂದ. ಅಷ್ಟ ಅಲ್ಲ, ಸಾಲಿ ಕಾಗದ ಮಾಸ್ತರರಿಗೆ ತೋರಿಸಿ ಅರ್ಜಿ ಬರಿಸಿದಾವನೂ ಅವನ. ಭೂಪಾಲಗ ಸೋಡಿ, ಜಿನ್ನವ್ವಗ ಸೋಡಿ, ತನಗ ಪೂರಾ ಟಿಕೀಟ.

"ಐದ ತಿಂಗಳಾಗ ನಿಮಗೂ ತುಂಬ್ತಾವಲ್ರಿ, ಸುಮ್ಮ ಅರವತ್ತೈದು ಅಂತ ಬರಿಯೂಣು," ಅಂದಿದ್ರಂತ ಮಾಸ್ತರ.

"ಸುಳ್ಳು ವಯಸ್ಸು ಬರಿಸಿ ಶಿಖರಜಿ ಏರಾಂಗಿಲ್ಲ ನಾ. ಆ ಸುಳ್ಳು ಈಗಾಗಲೆ ಬಾಳ ವರ್ಷ ನಡದೈತಿ," ಅಂದಿದ್ನಂತ ಇಂವ. ಜಿನ್ನವ್ವ ಬಂದು ಹೇಳಿದಾಗ ಭೂಪಾಲಗ ಏನು ತಿಳಕೋಬೇಕು ತಿಳೀಲಿಲ್ಲ. ಟಿಕೀಟ ತಗದ ಮ್ಯಾಲೆ ರದ್ದು ಮಾಡಿದ್ರ ರೊಕ್ಕ ಕಡೀತಾರಂತ ಬಂದಾನೋ, ಮತ್ತೇನೋ.

ಮಿರಜದಾಗ ಮಧ್ಯಾಹ್ನ ಗಾಡಿ ಹತ್ತಿದ್ರು. ಮೂವರದೂ ಒಂದ ಕಡೆ ಸೀಟು. ಮಾಸ್ತರರು ಉಳಿದ ಮಂದಿ ಜೋಡಿ ಆಚೀ ಕಡೆ. ರಾವಸಾಹೇಬ ಕಿಡಕಿಗೆ ಮಾರಿ ಹಚ್ಚಿ ಕೂತ. ಸಾಂಗಲಿ ದಾಟಿದ ಮ್ಯಾಲೆ ಟೀಸಿ ಬಂದ, ಮರಾಠಿ ಮನುಷ್ಯಾ. ಟಿಕೀಟ ನೋಡಿದ, ಇವರನ್ನ ನೋಡಿದ. ರಾವಸಾಹೇಬಂದು ಬೋಳು ತಲಿ, ಬಗ್ಗಿದ ಬೆನ್ನು, ಕೈಯಾಗ ಕೋಲು. ಭೂಪಾಲಂದು ತಲಿ ತುಂಬ ಕರೀ ಕೂದಲಾ.

"ಇದೇನಜ್ಜಾ, ಅದಲಬದಲ ಆಗೈತೇನು?" ಅಂದ ಮರಾಠಿಯೊಳಗ. "ನಿಮಗ ಪೂರಾ ಟಿಕೀಟ, ಈ ಹರೇದ ಮನುಷ್ಯಾಗ ಮುದುಕರ ಸೋಡಿ? ಪುರಾವೆ ತೋರಿಸ್ರಿ."

ಭೂಪಾಲ ಗಡಬಡಿಸಿ ಅಂಗಿ ಕಿಸೆ, ಚೀಲದ ಕಿಸೆ ಎಲ್ಲಾ ತಡವಿದ. ಕಾಗದ ಅವನ ಕಡೆ ಎಲ್ಲಿತ್ತು? ಅಂವ ಅದನ್ನ ಕಣ್ಣಿಲೆ ಕಂಡಾಂವನ ಅಲ್ಲ. ಸೋಡಿ ರದ್ದು ಮಾಡ್ರಿ, ದಂಡ ಕೊಡ್ತೇನಿ ಅನ್ನಾಕ ಬಾಯಿ ತಗದ. ಅಷ್ಟರಾಗ ರಾವಸಾಹೇಬ ಕೋಟಿನ ಒಳಕಿಸೆಗೆ ಕೈ ಹಾಕಿದ. ಎರಡೂ ಕಾಗದ ಒಂದರಾಗೊಂದು ಮಡಚಿ ಪ್ಲ್ಯಾಸ್ಟಿಕ್ ಚೀಲದಾಗ ಇಟ್ಟುಕೊಂಡಿದ್ದ. ತಮ್ಮಂದು ಬಿಚ್ಚಿ ಟೀಸಿ ಮುಂದ ಹಿಡದ.

"ಹೇ ಮಾಝೆ ಥೋರಲೆ ಭಾವೂ," ಅಂದ. ಇವರು ನಮ್ಮ ಹಿರೇ ಅಣ್ಣ. ಕನ್ನಡದಾಗ ಆ ಮಾತು ಗಂಟಲದಾಗ ಸಿಗತಿತ್ತೇನೋ, ಮರಾಠಿಯೊಳಗ ಸರಳ ಬಂತು.

ಟೀಸಿ ಗುರುತು ಹಾಕಿ ಮುಂದ ಹೋದ. ಭೂಪಾಲ ಬಿಚ್ಚಿದ ಚೀಲ ಮತ್ತ ಕಟ್ಟಾಕತ್ತ. ಅಣ್ಣನ ಮಾರಿ ನೋಡೋ ಧೈರ್ಯ ಆಗಲಿಲ್ಲ.

ಹೊತ್ತು ಇಳೀತು. ಇವರದು ಜೈನರ ಮನಿ, ಹೊತ್ತು ಮುಳುಗಿದ ಮ್ಯಾಲೆ ಹನಿ ನೀರೂ ಮುಟ್ಟಂಗಿಲ್ಲ. ಜಿನ್ನವ್ವ ಗಡಬಡಿ ಮಾಡಿ ಡಬ್ಬಿ ಬಿಚ್ಚಿ ಮೂರು ತಾಟಿಗೆ ರೊಟ್ಟಿ, ಶೇಂಗಾ ಹಿಂಡಿ, ಹೆಸರಕಾಳಿನ ಪಲ್ಯ ನೀಡಿದ್ಲು. ಐದು ವಾರ ಆದ ಮ್ಯಾಲೆ ಇಬ್ಬರೂ ಮೊದಲ ಸಲ ಎದುರಾಬದುರಾ ತಾಟಿನ ಮುಂದ ಕೂತಿದ್ರು. ಗಾಡಿಯಾಗ ಹೊಲಕ್ಕ ಬುತ್ತಿ ಒಯ್ಯಾಕ ಬರೂದಿಲ್ಲಲ್ಲ.

ಭೂಪಾಲ ರೂಢಿ ಪ್ರಕಾರ ಕೈ ಕಟ್ಟಿಕೊಂಡು ಅಣ್ಣನ ತಾಟು ನೋಡಿಕೋತ ಕೂತ. ರಾವಸಾಹೇಬನೂ ಕೈ ಕಟ್ಟಿಕೊಂಡು ಕೂತ. ಅವನ ಕಣ್ಣು ಭೂಪಾಲನ ತಾಟಿನ ಮ್ಯಾಲೆ.

"ಅಣ್ಣಾ, ಮೊದಲ ನೀವು ತಗೋರಿ."

ರಾವಸಾಹೇಬ ಅಲುಗಲಿಲ್ಲ. ಕಿಡಕಿಯಾಗ ಸೂರ್ಯಾ ಗುಡ್ಡದ ನೆತ್ತಿಗೆ ತಾಗಿದ.

"ಏನ್ರಿ ಇದು!" ಜಿನ್ನವ್ವಗ ತಡೀಲಿಲ್ಲ. "ಹೊತ್ತು ಹೊಂಟೈತಿ. ಇಬ್ಬರೂ ಮುದುಕರಾಗೀರಿ, ಬುದ್ಧಿ ಯಾವಾಗ ಬರೋದು? ನಾಳೆ ಬೆಳಗಾಗೋ ತನಕಾ ನನ್ನೂ ಉಪಾಸ ಕೆಡವತೀರೇನು?"

"ಅಣ್ಣಾ, ನಿಮ್ಮ ಕೈ ಮುಗೀತೇನಿ," ಅಂದ ಭೂಪಾಲ. "ಅವ್ವಗ ಮಾತು ಕೊಟ್ಟೇನಿ. ನಿಮಗಿಂತ ಮೊದಲ ನನಗ ತುತ್ತು ಇಳೀಯಾಂಗಿಲ್ಲ."

ಅರ್ಧ ಸೂರ್ಯಾ ಮುಳುಗಿತ್ತು. ಆವಾಗ ರಾವಸಾಹೇಬ ಬಾಯಿ ಬಿಟ್ಟ.

"ನಿಮ್ಮವ್ವಂದು ಭಿಕ್ಷೆ ಅಂದಿದ್ದೆ. ಐದು ವಾರ ಹೊಲದಾಗ ಒಬ್ಬನ ಉಂಡು ನೋಡಿದೆ. ತಪ್ಪಂದಿದ್ದೆ. ನಮ್ಮವ್ವನ ಕಣ್ಣೀರು ಒರಸಾಕ ಆಕಿ ತನ್ನ ಮಗನ್ನ ಹಿಂದಕ್ಕ ಸರಿಸಿದ್ಲು, ನೀನೂ ಸರದಿ. ಅಷ್ಟು ದೊಡ್ಡ ಸೋಡಿ ಯಾವ ಬಾಜಾರದಾಗೂ ಸಿಗಾಂಗಿಲ್ಲ." ತನ್ನ ತಾಟು ಆಚಿಗೆ ಸರಿಸಿ, ರೊಟ್ಟಿ ಮುರದು, ಹಿಂಡಿ ಹಚ್ಚಿ, ಆ ತುತ್ತು ಭೂಪಾಲನ ಬಾಯಿ ಮುಂದ ಹಿಡದ. "ತಗೋರಿ. ಹೊತ್ತು ಮುಳಗತೈತಿ. ನೀವು ಉಂಡ ಮ್ಯಾಲೆ ನನಗ."

ಹುಟ್ಟಿದಾಗಿಂದ ಅಣ್ಣನ ಬಾಯಾಗ ತನಗ 'ರಿ' ಬಂದದ್ದು ಭೂಪಾಲ ಕೇಳಿರಲಿಲ್ಲ. ಬಾಯಿ ತಗದ. ತುತ್ತು ಬಾಯಿಗೆ ಬಿತ್ತು, ಕಣ್ಣಾಗಿನ ನೀರೂ ಅದರ ಜೋಡಿನ ಬಾಯಿಗೆ ಬಂತು. ಅಗೀತಿದ್ದಂಗ ರಾವಸಾಹೇಬ ತನ್ನ ತಾಟು ಮುಂದಕ್ಕ ಎಳಕೊಂಡು ಗಬಗಬ ಉಣ್ಣಾಕತ್ತ. ಜಿನ್ನವ್ವ ಸೆರಗಿಲೆ ಮೂಗು ಒರಸಿಕೊಂಡು ಇಬ್ಬರಿಗೂ ಇನ್ನೊಂದೊಂದು ರೊಟ್ಟಿ ಹಾಕಿದ್ಲು.

"ಆದ್ರ ನೆನಪಿಡು," ಅಂದ ರಾವಸಾಹೇಬ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. "ರೇಲ್ವೆ ಸೋಡಿ ರೇಲ್ವೆದಾಗ ಅಷ್ಟ. ಪಾರಸನಾಥ ಟೇಸನ್ ಇಳಿದ ಮ್ಯಾಲೆ ಮತ್ತ ನಾನ ಹಿರ್ಯಾ."

"ಹೂಂ ಅಣ್ಣಾ," ಅಂದ ಭೂಪಾಲ, ಎರಡನೇ ರೊಟ್ಟಿಗೆ ಕೈ ಹಾಕಿದ.