ಸೊಂಟದ ಅಡಕತ್ತರಿ

ಹಡಗು ಹತ್ತಲು ಹೊರಟ ದಿನ, ಚನ್ನರಾಯಪಟ್ಟಣದ ಮನೆಯಲ್ಲಿ ಅತ್ತೆ ಗುರುಸಿದ್ದಮ್ಮ ಹೊಸ ಸೊಸೆ ನೀಲಾಂಬಿಕೆಯ ಸೊಂಟಕ್ಕೆ ಕಬ್ಬಿಣದ ಅಡಕತ್ತರಿಯೊಂದನ್ನು ಸಿಕ್ಕಿಸಿದ್ದರು.

“ಕಂಡರಿಯದ ಸೀಮೆಗೆ ಓಯ್ತಿದ್ದೀಯ. ಕಬ್ಬಿಣ ಮೈಮ್ಯಾಲಿದ್ರೆ ಗಾಳಿ ಸೋಕಾಕಿಲ್ಲ ಕಣವ್ವ. ಅವನ್ಗೆ ಯೋಳ್ಬ್ಯಾಡ, ನಗ್ತಾನೆ.”

ಇಂಗ್ಲೆಂಡಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಗಂಡ ಗೌರೀಶಂಕರ ೧೯೩೮ರ ರಜೆಯಲ್ಲಿ ಅವಳನ್ನು ಸ್ವೀಡನ್ನಿಗೆ ಕರೆದೊಯ್ದ. ಅಲ್ಲಿಯವರಿಗೆ ಅದೊಂದು ಆಟ: ನಕ್ಷೆ, ದಿಕ್ಸೂಚಿ ಹಿಡಿದು ಕಾಡು ಹೊಕ್ಕು, ಕಟ್ಟಿಟ್ಟ ಕೆಂಪು ಬಾವುಟಗಳನ್ನು ಹುಡುಕಿ ಹೊರಬರುವುದು. ತಂಗಿದ್ದ ಮನೆಯ ಮುದುಕ ಇವರಿಗಾಗಿ ಬಾವುಟ ಕಟ್ಟಿ ಬಂದು, ನಕ್ಷೆಯ ಮೇಲೆ ಬೆರಳಿಟ್ಟು ಎಚ್ಚರಿಸಿದ. ನೇರ ಉತ್ತರಕ್ಕೆ ಹೋಗಿ. ಎಡಕ್ಕೆ ಜೌಗು, ಮೇಲೆ ಹಸಿರು ಪಾಚಿ, ಕೆಳಗೆ ತಳವಿಲ್ಲ. ದಾರಿ ತಪ್ಪಿತೆನ್ನಿಸಿದರೆ ನಿಂತಲ್ಲೇ ನಿಂತು ಸೀಟಿ ಊದಿ.

ಗೌರೀಶಂಕರ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ದಿಕ್ಸೂಚಿಯನ್ನು ಅವಳ ಕೈಗಿತ್ತ.

“ಹೊಟ್ಟೆ ಮಟ್ಟಕ್ಕೆ ಹಿಡ್ಕೊ, ಅಲ್ಲಾಡಿಸ್ಬೇಡ. ಈ ಮುಳ್ಳು ನಮ್ಮವ್ವ ಇದ್ದಂಗೆ. ಎತ್ತ ತಿರುಗ್ಸಿದ್ರೂ ಹೇಳಿದ್ದೇ ಹೇಳ್ತದೆ.”

“ಅತ್ತೆಯವರಿಗೆ ಬರೀತೀನಿ ಇರಿ.”

“ಬರಿ. ಒನಕೆ ಎತ್ಕೊಂಡು ಇಲ್ಲೀಗಂಟ ಬರಕ್ಕಾಗಲ್ಲ ಬಿಡು.”

ಅವಳು ನಕ್ಕಳು. ಕೋಟಿನೊಳಗೆ ಅಡಕತ್ತರಿ ಇದ್ದಲ್ಲೇ ಇತ್ತು.

ಕಾಡಿನಲ್ಲಿ ಒಂದು ಹಕ್ಕಿಯ ದನಿಯೂ ಇರಲಿಲ್ಲ. ಎಷ್ಟು ನಡೆದರೂ ಬಾವುಟ ಕಾಣಲಿಲ್ಲ. ಮಂಜು ಇಳಿಯಿತು. ನೆಲ ಮೆತ್ತಗಾಯಿತು. ಕೊಣನೂರಿನ ಹೊಳೆದಂಡೆಯಲ್ಲಿ ಬೆಳೆದ ನೀಲಾಂಬಿಕೆಗೆ ನೆಲ ಹಾಗೆ ಮೆತ್ತಗಾಗುವುದರ ಅರ್ಥ ಗೊತ್ತಿತ್ತು.

“ರೀ, ಇಲ್ಲೇ ನಿಂತು ಸೀಟಿ ಊದೋಣ.”

“ಮುಳ್ಳು ಏನಂತದೆ?”

“ಉತ್ತರ ಮುಂದಕ್ಕೇ ಅಂತಿದೆ.”

“ಮತ್ತೆ? ಅದಕ್ಕಿಂತ ನೀನು ಬುದ್ಧಿವಂತಳಾ? ಇಲ್ಲೇ ಇರು, ಬಾವುಟ ನೋಡ್ಕೊಂಡು ಬಂದೆ.”

ಮಂಜು ಅವನನ್ನು ಮುಚ್ಚಿತು.

ಬೆಳಕು ಸಾಲದೆ ಅವಳು ದಿಕ್ಸೂಚಿಯನ್ನು ಕಣ್ಣಿನ ಬಳಿಗೆ ಎತ್ತಿದಳು. ಮುಳ್ಳು ಬಲಕ್ಕೆ ಸರಿಯಿತು. ಸೊಂಟದ ಮಟ್ಟಕ್ಕೆ ಇಳಿಸಿದಳು. ಅವನು ಹೋದ ಕಡೆಗೇ ಮರಳಿತು. ಮೈಸೂರಿನಲ್ಲಿ ವಿಜ್ಞಾನ ಓದಿದವಳು. ಇನ್ನೊಮ್ಮೆ ನೋಡಬೇಕಾಗಿರಲಿಲ್ಲ.

ಅಡಕತ್ತರಿಯನ್ನು ಕಿತ್ತು ದೂರಕ್ಕೆ ಎಸೆದಳು. ಮುಳ್ಳು ನಿಜವಾದ ಉತ್ತರ ತೋರಿಸುತ್ತ ನಿಂತಿತು.

“ರೀ! ವಾಪಸ್ ಬನ್ನಿ! ಆ ಕಡೆ ಜೌಗು!”

ಮುಂದಿನ ತಗ್ಗಿನಿಂದ ಸೀಟಿ ಕೇಳಿತು, ಉದ್ದವಾಗಿ. ಇನ್ನೊಂದು ಅರ್ಧಕ್ಕೇ ನಿಂತಿತು.

ಮದುವೆಯ ದಿನ ಹೊಸಿಲಲ್ಲಿ ಹೆಂಗಸರು ಕಾಡಿಸಿ ಹೇಳಿಸಿದ್ದು ಬಿಟ್ಟರೆ ಗಂಡನ ಹೆಸರು ಅವಳ ಬಾಯಲ್ಲಿ ಎಂದೂ ಬಂದಿರಲಿಲ್ಲ. ಈಗ ಗಂಟಲು ಹರಿಯುವಂತೆ ಕೂಗಿದಳು.

“ಗೌರೀಶಂಕರ!”

ನಿಂತಲ್ಲೇ ನಿಂತು, ಜನ ಬಂದು ತೋಳು ಹಿಡಿಯುವವರೆಗೂ ಕೂಗಿದಳು. ಕಾಡು ಆ ಹೆಸರನ್ನು ತಿರುಗಿ ಹೇಳಲಿಲ್ಲ.