ಬಾಯಿಗೆ ಅಡ್ಡ ಬಂದ ಕೈ

ಪುಷ್ಯದ ಚಳಿ. ಹಳೇಬೀಡಿನ ಹೊರಗಿನ ಕಣದಲ್ಲಿ ರಾಗಿ ತೆನೆ ಹರಡಿ, ಜವರಣ್ಣ ರೋಣುಗಲ್ಲು ಎಳೆಯುವ ಎತ್ತುಗಳ ಹಿಂದೆ ಸುತ್ತುತ್ತಿದ್ದ. ಸುತ್ತುತ್ತಲೇ, "ಗುಡ್ ಮಾರ್ನಿಂಗ್ ಸರ್! ಬಾತ್ ವಾಟರ್ ರೆಡಿ ಸರ್!" ಎಂದು ಕೂಗುತ್ತಿದ್ದ.

"ಎತ್ಗೋಳಿಗೆಲ್ಲ ಸ್ನಾನದ ನೀರು ಕಾದೈತೆ ಅಂತೀರಿ. ನಂಗೆ ಒಂದಿನ ಕಾಯ್ಸಿದ್ರಾ?" ಎಂದಳು ಹೆಂಡತಿ ಬೀರಮ್ಮ, ಮೊರದಲ್ಲಿ ರಾಗಿ ಕೇರುತ್ತ.

ಅಣ್ಣತಮ್ಮಂದಿರು ಪಾಲಾದ ಮೇಲೆ ಅವನಿಗೆ ಉಳಿದ ತುಂಡು ಹೊಲದ ರಾಗಿ ಯುಗಾದಿಯವರೆಗೂ ಬರುವಂತಿರಲಿಲ್ಲ. ಪ್ರವಾಸಿ ಬಂಗಲೆಗೆ ಕಾವಲಿನವನು ಬೇಕಾಗಿದ್ದ. ಅಲ್ಲಿ ತಂಗುವ ಬಿಳಿಯ ದೊರೆಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡಬಲ್ಲವನೇ ಆಗಬೇಕಿತ್ತು. ಪೆನ್ಷನ್ ಆಗಿದ್ದ ಮೇಷ್ಟ್ರು ಗಂಗಾಧರಯ್ಯ ಕಲಿಸಲು ಒಪ್ಪಿದರು. ಫೀಜು ಬೇಡ, ಮುಯ್ಯಿ ಸಾಕು ಎಂದರು: ಪಾಠ ನಡೆದಷ್ಟೇ ದಿನ ಆಮೇಲೆ ಜವರಣ್ಣ ಅವರ ಕಣದಲ್ಲಿ ದುಡಿದುಕೊಡಬೇಕು. ಒಕ್ಕಣೆಯ ಕಾಲವಾದ್ದರಿಂದ ಪಾಠವೂ ಜವರಣ್ಣನ ಕಣದಲ್ಲೇ ನಡೆಯಿತು. ಮೇಷ್ಟ್ರು ಹುಲ್ಲಿನ ಮೆದೆಗೆ ಒರಗಿ ಪ್ರಶ್ನೆ ಹಾಕುವರು, ಅವನು ಎತ್ತು ಹೊಡೆಯುತ್ತ, ಅವರ ಮುಖವನ್ನೂ ನೋಡದೆ ಗಟ್ಟಿಯಾಗಿ ಉತ್ತರ ಹೇಳುವನು. ತಡವರಿಸುತ್ತಿರಲಿಲ್ಲ.

ಕಾವಲಿನವನನ್ನು ಆರಿಸಲು ಇಂಜಿನಿಯರು ದೊರೆ ಬಂಗಲೆಗೆ ಬಂದ ದಿನ ಜವರಣ್ಣ ಒಗೆದ ಪಂಚೆಯುಟ್ಟು ಎದುರು ನಿಂತ. ದೊರೆ ಕೇಳಿದ್ದು ಅವನಿಗೆ ತಿಳಿಯಿತು. ಉತ್ತರವೂ ನಾಲಗೆಯ ಮೇಲಿತ್ತು. ಆದರೆ ಪಟೇಲರ ಮುಂದೆ, ಶಾನುಭೋಗರ ಮುಂದೆ ಏಳುತ್ತಿದ್ದ ಬಲಗೈ ತಾನಾಗಿ ಎದ್ದು ಬಾಯಿ ಮುಚ್ಚಿತು. ದೊಡ್ಡವರಿಗೆ ಉಸಿರು ತಾಕಬಾರದು. ಅಂಗೈಯ ಹಿಂದೆ ಇಂಗ್ಲಿಷು ಬರೀ ಗೊಣಗಾಟವಾಯಿತು.

ದೊರೆ ಕಿವಿಗೊಟ್ಟು ಮತ್ತೆ ಕೇಳಿದ.

"ಕೈ ತೆಗಿಯೋ!" ಜೊತೆಗೆ ಬಂದಿದ್ದ ಮೇಷ್ಟ್ರು ಪಿಸುಗುಟ್ಟಿದರು.

ತೆಗೆದ. ಮಾತೇ ನಿಂತುಹೋಯಿತು. ಕೈ ಅಡ್ಡವಿದ್ದರೆ ಮಾತು ಬರುತ್ತಿತ್ತು, ತೆಗೆದರೆ ಇಲ್ಲ. ದೊರೆ ಸ್ವಲ್ಪ ಕಾದು, ತಲೆಯಾಡಿಸಿ ಮೋಟಾರು ಹತ್ತಿದ. ಕೆಲಸ ಬೇಲೂರಿನ ಒಬ್ಬನಿಗಾಯಿತು.

ಮರುದಿನ ಜವರಣ್ಣ ಎತ್ತು ಹೊಡೆದುಕೊಂಡು ಮೇಷ್ಟ್ರ ಕಣಕ್ಕೆ ಬಂದ.

"ಯಾಕೋ ಬಂದೆ? ಮುಯ್ಯಿಗಿಯ್ಯಿ ಏನೂ ಬೇಡ. ನಾನು ಕಲಿಸಿದ್ದು ನಿನಗೆ ದಕ್ಕಲಿಲ್ಲವಲ್ಲ."

"ದಕ್ಕೈತೆ ಸ್ವಾಮಿ. ನನ್ನತ್ರಾನೇ ಐತೆ. ಈಗ್ಲೇ ಬೇಕಾದ್ರೂ ಯೋಳ್ತೀನಿ."

"ಮತ್ತೆ ಅಲ್ಲೇಕೆ ಹೇಳಲಿಲ್ಲ?"

"ಅದೇ ನಂಗೂ ಗೊತ್ತಾಯ್ತಿಲ್ಲ."

ಮೇಷ್ಟ್ರಿಗೂ ಗೊತ್ತಾಗಲಿಲ್ಲ. ಕಲಿಸಿದ್ದು ಹೌದೋ ಅಲ್ಲವೋ, ಋಣ ಇದೆಯೋ ಇಲ್ಲವೋ, ಇಬ್ಬರಿಗೂ ಬಗೆಹರಿಯಲಿಲ್ಲ. ಬಿಸಿಲೇರುತ್ತಿತ್ತು. ಜವರಣ್ಣ ರೋಣುಗಲ್ಲಿಗೆ ಎತ್ತು ಹೂಡಿದ. ಮೇಷ್ಟ್ರು ಮತ್ತೆ ಬೇಡವೆನ್ನಲಿಲ್ಲ; ಸಂಜೆ ಅವನು ಹೊರಟಾಗ ಮುಯ್ಯಿ ತೀರಿತೆಂದೂ ಹೇಳಲಿಲ್ಲ.